ಚೆನ್ನವ್ವ ಓದಿದ ತುಟಿ

೧೧ ನವೆಂಬರ್, ಮಂಗಳವಾರ

ಇಂಗ್ಲಿಷ್ ಕ್ಲಾಸು, ಪರೀಕ್ಷೆಯ ಫೀ, ಅದಕ್ಕೆ ಹೋಗುವ ಕೊಲ್ಹಾಪುರದ ಬಸ್ಸು ಸೇರಿ ಇಪ್ಪತ್ತೆರಡು ಸಾವಿರ ಹೋಯಿತು. ಭಾನುವಾರದ ಪರೀಕ್ಷೆ ಪಾಸಾದರೆ ವಿದೇಶಿ ಗಿರಾಕಿಗಳೊಡನೆ ಮಾತಾಡುವ ಕೆಲಸ ನನಗೇ. ಆದರೆ ಒಂದೇ 'ಟೇಕ್'ಗೆ ಅಪ್, ಇನ್, ಆಫ್ ಎಂದು ಹತ್ತು ಬಾಲ. ಬಾಲ ಬದಲಾದರೆ ಅರ್ಥವೂ ಬೇರೆ.

ಇವತ್ತು ಶಹಾಪುರದ ಮಗ್ಗದ ಶೆಡ್ಡಿನಲ್ಲಿ ಬಟ್ಟೆಯ ಥಾನು ಎಣಿಸುತ್ತ 'ಟೇಕ್ ಅಪ್' ಬಾಯಿಪಾಠ ಮಾಡುತ್ತಿದ್ದೆ. ಮಗ್ಗಗಳ ಸದ್ದಿನಲ್ಲಿ ಅಲ್ಲಿಯವರು ಮಾತು ಕೇಳುವುದಿಲ್ಲ, ತುಟಿ ನೋಡುತ್ತಾರೆ. ನೇಯುತ್ತಿದ್ದ ಚೆನ್ನವ್ವ ಕೈಬೀಸಿ ಕರೆದಳು.

"ದಲಾಲ್ರೀ, ನಿನ್ನೆ ಕಡೀಕ ತುಟಿ ಮುಚ್ಚತಿದ್ರಿ. ಇವತ್ತ ತೆರದ ಬಿಡಾಕತ್ತೀರಿ. ಯಾವದ ಖರೆ?"

ಪುಸ್ತಕ ನೋಡಿದೆ. 'ಅಪ್' ಎಂದರೆ ಕೊನೆಗೆ ತುಟಿ ಮುಚ್ಚಬೇಕು; ನಾನು ಅರಿವಿಲ್ಲದೆ 'ಟೇಕ್ ಇನ್' ಎನ್ನುತ್ತಿದ್ದೆ.

"ಮುಚ್ಚೂದ ಖರೆ, ಅಕ್ಕಾ."

"ಹಂಗಾರ ಕಷ್ಟ ಐತ್ರಿ. ಬಾಯಿ ಮುಚ್ಚೂದು ನಿಮಗೆಲ್ಲಿ ಬರತೈತಿ?"

ಸಂಜೆಯವರೆಗೆ ಅವಳೆದುರು ಇಂಥ ಮೂವತ್ತು ಪದಜೋಡಿ ಹೇಳಿದೆ. ನನಗೆ ಇಪ್ಪತ್ತಾರು ಗಟ್ಟಿಯಾದವು. ಚೆನ್ನವ್ವನಿಗೆ ಎರಡು ಚಹಾ, ಶೆಡ್ಡಿಗೆಲ್ಲ ವಾರಕ್ಕಾಗುವಷ್ಟು ನಗು.