ಕೊಂಬಿಲ್ಲದ ಗೌರಿಯ ಗುರುತು

ಸಾಗರ
೧೪-೯-೧೯೭೮, ಗುರುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಕಾಗದದ ಮೊದಲಿಗೆ ಬರೆಯಲೇಬೇಕೆಂದು ಬರೆದ ಮಾತಲ್ಲ ಇದು, ನಿಜವಾಗಿ ಕೇಳುತ್ತಿದ್ದೇನೆ. ಕೈಕಾಲು ಸರಿಯಾಗಿವೆಯೇ? ಕರೆಂಟು ಕಂಬ ಹತ್ತುವಾಗ ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತೀರಾ? ಅಂಬಿಕಾನಗರದ ನೀರಿಗೆ ಹಿಡಿದ ಕೆಮ್ಮು ಇಳಿಯಿತೇ? ಚಿಟ್ಟು ಚೆನ್ನಾಗಿದ್ದಾಳೆ. ದವಡೆ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ನಿಮ್ಮ ಹಳೇ ಚಪ್ಪಲಿಯನ್ನೂ ಬಿಟ್ಟಿಲ್ಲ. ನನಗೆ ನಿದ್ದೆಯಿಲ್ಲ, ಅದು ಇರಲಿ. ಅತ್ತೆ ಚೆನ್ನಾಗಿಲ್ಲ. ಊಟ ಬಿಟ್ಟು ಇವತ್ತಿಗೆ ಆರು ದಿನ. ಎರಡು ಗುಟುಕು ಮಜ್ಜಿಗೆನೀರು ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಡಾಕ್ಟರು ನೋಡಿ, ಕಾಯಿಲೆಯೇನೂ ಇಲ್ಲ, ಹೀಗೇ ಇದ್ದರೆ ಮಾತ್ರ ಉಳಿಯುವುದಿಲ್ಲ ಎಂದರು.

ತಂತಿಯಲ್ಲಿ ಕಳ್ಳ ಬಂದಿದ್ದ ಎಂದಷ್ಟೇ ತಿಳಿಸಿದ್ದೆ. ನಡೆದದ್ದು ಹೀಗೆ. ಕಳೆದ ಶುಕ್ರವಾರ ನಾನು ಟೀಚರ್ ಕೆಲಸದ ಇಂಟರ್‌ವ್ಯೂಗೆಂದು ತೀರ್ಥಹಳ್ಳಿಗೆ ಹೋಗಿದ್ದೆ. ಹನ್ನೊಂದರ ಹೊತ್ತಿಗೆ ಬಿಳಿ ಶರಟಿನವನೊಬ್ಬ ಬಂದು, ನಿಮ್ಮ ಮಗ ಲೈನಿನ ಮೇಲಿಂದ ಬಿದ್ದಿದ್ದಾರೆ, ಹುಬ್ಬಳ್ಳಿ ಆಸ್ಪತ್ರೆಗೆ ಸೇರಿಸಿದ್ದೇವೆ, ಆಪರೇಷನ್ನಿಗೆ ಕೂಡಲೇ ಹಣವೋ ಒಡವೆಯೋ ಏನಾದರೂ ಬೇಕು ಎಂದನಂತೆ. ಅತ್ತೆ ಸುಮ್ಮನೆ ನಂಬುವವರಲ್ಲ, ನಿಮಗೇ ಗೊತ್ತು. ಗುರುತು ಕೇಳಿದ್ದಾರೆ. ಅವನು ತಡವರಿಸದೆ "ಕೊಂಬಿಲ್ಲದ ಗೌರಿ" ಎಂದಿದ್ದಾನೆ. ಮುಗಿಯಿತು. ಒಳಗೆ ಹೋಗಿ ಟ್ರಂಕು ತೆಗೆದು ಚಿನ್ನದ ಅವಲಕ್ಕಿ ಸರ ತಂದು ಅವನ ಕೈಗಿಟ್ಟಿದ್ದಾರೆ. ಅಷ್ಟು ಹೊತ್ತೂ ನಮ್ಮ ಮಗು ಅವನ ಕಂಕುಳಲ್ಲಿತ್ತು. "ಚಿಟ್ಟೂ, ಬಾರೇ" ಎಂದು ಹೆಸರು ಹಿಡಿದು ಕರೆದನಂತೆ, ಇವಳೂ ಹೋದಳಂತೆ. ಸರ ಹೋದರೆ ಹೋಗಲಿ. ಕಣ್ಣು ಮುಚ್ಚಿದರೆ ನನಗೆ ಆ ಕಂಕುಳೇ ಕಾಣುತ್ತದೆ.

ನಿಮ್ಮ ಮನೆಯವರು ಯಾರ ಕೈಲಿ ಏನು ಹೇಳಿ ಕಳಿಸಿದರೂ ಗುರುತು ಹೇಳಿಯೇ ಕಳಿಸುವವರು. ಮದುವೆಯಾದ ಹೊಸದರಲ್ಲಿ ನಾನು ನಕ್ಕಿದ್ದೆ. ಮಾವನ ಕಾಲದಲ್ಲಿದ್ದ, ಕೊಂಬೇ ಮೂಡದ ಒಂದು ಹಸುವಿನ ಹೆಸರು ಹೇಳಿದವನಿಗೆ ಕೇಳಿದ್ದನ್ನು ಕೊಟ್ಟು ಕಳಿಸುವುದೇ ಎಂದು. "ನಗಾಡ್ಬೇಡ ಹುಡ್ಗೀ, ಮೂವತ್ತು ವರ್ಷ ಆತು, ಒಂದ್ಸಲನೂ ಮೋಸ ಆಗಿಲ್ಲ" ಎಂದಿದ್ದರು ಅತ್ತೆ.

ಆ ಗುರುತನ್ನು ಹೊರಗೆ ಹಾಕಿದವಳು ನಾನು. ಹೇಗೆ ಬರೆಯಲಿ ಎಂದು ಮೂರು ಹಾಳೆ ಹರಿದೆ. ಹೋದ ವರ್ಷ ಅಂಚೆಯಲ್ಲಿ ಆಡುವ ಆಟದ ಬಳಗಕ್ಕೆ ಸೇರಿದ್ದೆನಲ್ಲ, ತಿಂಗಳಿಗೊಂದು ಪದಬಂಧ ಬರುತ್ತಿತ್ತು, ನೀವು ರಜೆಯಲ್ಲಿ ಬಂದಾಗ ಒಂದನ್ನು ಬಿಡಿಸಿಯೂ ಕೊಟ್ಟಿರಿ. ಸೇರುವಾಗ ಒಂದು ಕಾರ್ಡು ತುಂಬಿಸಿಕೊಂಡಿದ್ದರು. ಮನೆಯಲ್ಲಿ ಯಾರಿದ್ದಾರೆ, ಯಜಮಾನರ ಕೆಲಸ ಏನು, ಎಲ್ಲಿ, ಮಗುವಿನ ಮುದ್ದಿನ ಹೆಸರು, ಎಲ್ಲ. ಕೊನೆಯಲ್ಲಿ "ನಿಮಗೊಬ್ಬರಿಗೇ ತಿಳಿದ ಗುಟ್ಟಿನ ಮಾತು". ಬಹುಮಾನ ಬಂದಾಗ ಬೇರೆಯವರು ಹೊಡೆದುಕೊಳ್ಳದಿರಲಿ ಎಂದು. ಬಿ.ಎ. ಓದಿದವಳು ನಾನು, ಎರಡೆರಡು ಗುಟ್ಟು ಯಾಕೆ ನೆನಪಿಡಬೇಕೆಂದು ಮನೆಯ ಗುರುತನ್ನೇ ಅದರಲ್ಲಿ ಬರೆದೆ. ಅಚ್ಚುಕಟ್ಟಾಗಿ, ದುಂಡಗೆ.

ಮಂಗಳವಾರ ಬಳಗದಿಂದ ಅಚ್ಚು ಹಾಕಿದ ಕಾಗದ ಬಂತು. ಕಚೇರಿಯಿಂದ ಕೆಲವು ಸದಸ್ಯರ ಕಾರ್ಡುಗಳು ಕೈತಪ್ಪಿವೆಯಂತೆ, ಅದೂ ಜೂನ್ ತಿಂಗಳಲ್ಲಿ. ಸದಸ್ಯರು ಗಾಬರಿಯಾಗಬೇಕಿಲ್ಲವಂತೆ, ಈ ತಿಂಗಳ ಪದಬಂಧ ಎಂದಿನಂತೆ ಬರುತ್ತದಂತೆ. ಮೂರು ತಿಂಗಳು ಸುಮ್ಮನಿದ್ದು ಈಗ ಗಾಬರಿಯಾಗಬೇಡಿ ಎನ್ನುತ್ತಾರೆ. ಹೊಸನಗರದ ಜಲಜಮ್ಮನೂ ಬಳಗದ ಸದಸ್ಯೆ. ಅವರ ಮನೆಗೂ ಯಾರೋ ಹೋಗಿ, ನಿಮಗೆ ಬಹುಮಾನವಾಗಿ ರೇಡಿಯೋ ಬಂದಿದೆ, ಸುಂಕ ಕಟ್ಟಬೇಕು ಎಂದು ಗುಟ್ಟಿನ ಮಾತನ್ನೂ ಹೇಳಿ ಕೈಬಳೆ ಬಿಚ್ಚಿಸಿಕೊಂಡು ಹೋದರಂತೆ. ಪಕ್ಕದ ಮನೆಯ ಹಾಲಮ್ಮನಿಗೆ ವಿಷಯ ತಿಳಿದು, "ನಮ್ದೆಲ್ಲ ಗುಟ್ಟು ಹೊಟ್ಟೇಲಿ ಇರ್ತದೆ ಮಾರಾಯ್ತಿ, ಓದ್ದೋರ್ದು ಅಂಚೇಲಿ ಹೋಗ್ತದೆ" ಎಂದರು.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಕಾಲು ಹಿಡಿದು ಹೇಳಿದೆ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಂಬುವುದೇ ಇಲ್ಲ. ನಾನು ಸಮಾಧಾನಕ್ಕೆ ಕತೆ ಕಟ್ಟುತ್ತಿದ್ದೇನೆ, ನೀವು ಹುಬ್ಬಳ್ಳಿಯಲ್ಲಿ ಮಲಗಿದ್ದೀರಿ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದೇವೆ ಎಂದೇ ಅವರ ಎಣಿಕೆ. ನೀವು ಸೋಮವಾರ ಕಳಿಸಿದ "ಕ್ಷೇಮ, ರಜೆ ಇಲ್ಲ" ತಂತಿಯನ್ನು ಎರಡು ಸಲ ಓದಿದೆ. "ತಂತಿ ಯಾರು ಬೇಕಾದ್ರೂ ಹೊಡೀತಾರೆ. ಅದ್ರಾಗೆ ಗುರ್ತು ಎಲ್ಲದೆ? ಅವ್ನು ಗುರ್ತು ಹೇಳಿದ್ನಲ್ಲೇ" ಎಂದು ಮತ್ತೆ ಗೋಡೆಗೆ ತಿರುಗಿದರು. ಹೊಸ ಗುರುತೊಂದನ್ನು ಈ ಕಾಗದದಲ್ಲೇ ಬರೆದು ಕಳಿಸೋಣ ಎಂದುಕೊಂಡೆ. ಆದರೆ ನಿಮ್ಮ ಕೈ ಸೇರುವ ಮೊದಲು ಇದನ್ನು ಎಷ್ಟು ಜನ ಓದುತ್ತಾರೋ. ಒಮ್ಮೆ ಹೊರಬಿಟ್ಟ ಮಾತನ್ನು ಹಿಂದಕ್ಕೆ ತರಲು ನನಗೆ ಬರುವುದಿಲ್ಲ.

ಸಾಹೇಬರ ಕೈಕಾಲು ಹಿಡಿದಾದರೂ ಎರಡು ದಿನ ರಜೆ ತೆಗೆದುಕೊಳ್ಳಿ. ಬಾಗಿಲಲ್ಲಿ ನಿಂತು ಒಮ್ಮೆ "ಅವ್ವಾ" ಎನ್ನಿ, ಅನ್ನ ನಾನು ತಿನ್ನಿಸುತ್ತೇನೆ. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಕೋಣೆಯ ಜೊತೆಗಾರ ಉಮಾಮಹೇಶ್ವರ ಅವರಿಗೆ ನಮಸ್ಕಾರ ತಿಳಿಸಿ. ಚಿಟ್ಟು ನಿಮಗೆಂದು ಗೀಚಿದ ಗೆರೆ ಹಾಳೆಯ ಹಿಂದಿದೆ.

ನಿಮ್ಮ
ಶರಾವತಿ

ಮತ್ತೆ: ಕಾಗದ ಅಂಟಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅಂಬಿಕಾನಗರದಿಂದ ಬಂದೆ, ನಿನ್ನೆ ನೀವು ಕಂಬದಿಂದ ಬಿದ್ದಿರಿ ಎಂದ. ಅದೇ ಗುರುತು ಹೇಳಿದ. ನಾನು ಅಗಳಿ ತೆಗೆಯಲಿಲ್ಲ, ಬೆನ್ನು ಕೊಟ್ಟು ನಿಂತೆ. ಏನು ಬೇಕು ಎಂದು ಕಿರುಚಿದೆ. "ನಂಗೇನೂ ಬ್ಯಾಡ ಅಕ್ಕಾ, ಬಾಗ್ಲು ತೆಗೀದಿದ್ರೂ ಅಡ್ಡಿಲ್ಲ. ನೀವು ಬೇಗ ಹೊರಡಿ" ಎಂದು ಹೊರಟುಹೋದ. ಚಿನ್ನ ಕೇಳಲಿಲ್ಲ, ಕುಡಿಯಲು ನೀರೂ ಕೇಳಲಿಲ್ಲ. ಕಳ್ಳನಾದರೆ ಏನಾದರೂ ಕೇಳುತ್ತಿದ್ದ, ಇವನನ್ನು ನೀವೇ ಗುರುತು ಹೇಳಿ ಕಳಿಸಿರಬೇಕು. ಅತ್ತೆ ಎದ್ದು ಸೀರೆ ಬದಲಿಸುತ್ತಿದ್ದಾರೆ. ನಾಲ್ಕರ ಬಸ್ಸಿಗೆ ಮೂವರೂ ಹೊರಟೆವು. ಕಾಗದ ಡಬ್ಬಿಗೆ ಹಾಕುತ್ತಿಲ್ಲ, ಕೈಯಲ್ಲೇ ತರುತ್ತಿದ್ದೇನೆ. ನಾವು ಬರುವವರೆಗೆ ಇರಿ.