ಬ್ಯಾಟರಿಗೆ ಬೇರೆ ಮನೆ ಕೇಳಿದವರಿಗೆ

ತುರುವೇಕೆರೆ
ಮೇ ೧೯೮೭

ಸೌರದೀಪ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಹುಚ್ಚಕ್ಕನಿಗೆ ತಾವು ಕಳಿಸಿದ ನೋಟೀಸು ತಲುಪಿದೆ. ಸರ್ಕಾರದ ಸೌರಫಲಕಕ್ಕೆ ಅನಧಿಕೃತ ಬ್ಯಾಟರಿ ಜೋಡಿಸಿ ಸುರಕ್ಷತಾ ನಿಯಮ ಉಲ್ಲಂಘಿಸಿದ್ದೇಕೆ ಎಂದು ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ಅಕ್ಕನಿಗೆ ಓದಲು ಬರುವುದಿಲ್ಲ. ಬಂದಿದ್ದರೂ ಈಗ ಒಂದೇ ಕಣ್ಣಿನಲ್ಲಿ ಓದಬೇಕಿತ್ತು. ಇನ್ನೊಂದನ್ನು ಆ ಬ್ಯಾಟರಿ ತೆಗೆಯಿತು. ಆದ್ದರಿಂದ ಸಮಜಾಯಿಷಿಯನ್ನು ನಾನು ಬರೆಯುತ್ತಿದ್ದೇನೆ. ತಮ್ಮ ಫೈಲಿನಲ್ಲಿ ಮಲಗಿಬಿಡಬಾರದೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ತುರುವೇಕೆರೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ಚಾರ್ಜು ಮಾಡುವ ಅಂಗಡಿ ಇಟ್ಟವನು. ಅಕ್ಕನ ಮನೆ ದಬ್ಬೇಘಟ್ಟದಿಂದ ಒಳಗೆ, ತೋಟದಲ್ಲಿದೆ. ಕರೆಂಟು ಅಲ್ಲಿಗೆ ಬಂದಿಲ್ಲ. ಹೋದ ದೀಪಾವಳಿ ಕಳೆದ ಮೇಲೆ ತಮ್ಮವರೇ ಬಂದು ಅಂಗಳದಲ್ಲಿ ಕಂಬ ನೆಟ್ಟು, ಮೇಲೆ ಫಲಕ ಕೂರಿಸಿ, ಮನೆಯೊಳಗೆ ಬ್ಯಾಟರಿ ಇಟ್ಟು, ಒಂದು ಟ್ಯೂಬ್‌ಲೈಟು ಹಾಕಿಕೊಟ್ಟರು. ಎರಡು ವಾರ ಉರಿಯಿತು. ತನ್ನ ಅಡುಗೆಮನೆಯ ಗೋಡೆ ಎಷ್ಟು ಕಪ್ಪಗಿದೆ ಎಂದು ಅಕ್ಕ ಆ ಬೆಳಕಿನಲ್ಲಿ ಮೊದಲ ಸಲ ನೋಡಿದಳು, ನಾಚಿಕೊಂಡು ಸುಣ್ಣ ಬಳಿದಳು. ಮೂರನೇ ವಾರ ತಮ್ಮ ಎಂಜಿನಿಯರ್ ಸಾಹೇಬರು ಪರಿಶೀಲನೆಗೆ ಬಂದು ತಲೆಯೆತ್ತಿ ನೋಡಿದರು. ಅಟ್ಟದ ತುಂಬ ಕಾಯಿ.

“ಏನಮ್ಮ ಇದು?”

“ಕೊಬ್ರಿಗೆ ಹಾಕಿರೋದು ಸ್ವಾಮಿ. ಇನ್ನೂ ಆರು ತಿಂಗ್ಳು ಬೇಕು.”

ಸಾಹೇಬರು “ಸುಲಭವಾಗಿ ದಹಿಸುವ ಪದಾರ್ಥಗಳ ದಾಸ್ತಾನು” ಎಂದು ಬರೆದುಕೊಂಡರು. ಅಂಥ ದಾಸ್ತಾನಿರುವ ಸೂರಿನಡಿ ಬ್ಯಾಟರಿ ಇಡುವಂತಿಲ್ಲವಂತೆ. ಇಟ್ಟಿಗೆ ಗೋಡೆ, ಸಿಮೆಂಟ್ ತಾರಸಿ, ಎರಡು ಗವಾಕ್ಷಿ ಇರುವ ಪ್ರತ್ಯೇಕ ಕೋಣೆಯನ್ನು ಫಲಾನುಭವಿ ಸ್ವಂತ ಖರ್ಚಿನಲ್ಲಿ ಕಟ್ಟಿಸತಕ್ಕದ್ದಂತೆ. ಬ್ಯಾಟರಿಯನ್ನು ಜೀಪಿಗೆ ಹಾಕಿಕೊಂಡು ಹೋದರು. ಫಲಕ ಕಂಬದ ಮೇಲೇ ಉಳಿಯಿತು. ಅಕ್ಕನ ಕೈಯಲ್ಲಿ, ಬ್ಯಾಟರಿ ನೋಡಿಕೊಳ್ಳುವುದು ಹೇಗೆಂಬ ಒಂದು ಸೂಚನಾ ಪತ್ರ ಉಳಿಯಿತು.

ಮಾನ್ಯರೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟದ ಮೇಲೆ ಕಾಯಿ ಇಲ್ಲದ ತೋಟದ ಮನೆ ಒಂದನ್ನು ತೋರಿಸಿ. ತಿಂಗಳುಗಟ್ಟಲೆ ಅಲ್ಲಿ ಕೂತು ಒಳಗಿನ ನೀರು ಇಂಗಿದರೆ ತಾನೆ ಅದು ಉಂಡೆ ಕೊಬ್ಬರಿ? ಸಿಮೆಂಟ್ ತಾರಸಿ ಹುಚ್ಚಕ್ಕನ ತಲೆಯ ಮೇಲೇ ಇಲ್ಲ, ಬ್ಯಾಟರಿಯ ತಲೆಯ ಮೇಲೆ ಎಲ್ಲಿಂದ ತರುತ್ತಾಳೆ? ಅದೇ ಅಟ್ಟದ ತೊಲೆಗೆ ಅವಳು ಸೀಮೆಎಣ್ಣೆ ಬುಡ್ಡಿ ನೇತುಹಾಕಿಕೊಂಡು ಮೂವತ್ತು ವರ್ಷ ಸಂಸಾರ ಮಾಡಿದಳಲ್ಲ, ಆ ಬೆಂಕಿಯನ್ನು ಪರಿಶೀಲಿಸಲು ಯಾವ ಜೀಪು ಬಂತು? ಬ್ಯಾಟರಿ ಹೋದ ದಿನವೇ ಬುಡ್ಡಿ ಮತ್ತೆ ತೊಲೆಗೆ ಬಂತು. ತಮ್ಮ ವರದಿಯಲ್ಲಿ ಮನೆ ಸುರಕ್ಷಿತವಾಯಿತು.

ತಮ್ಮ ಎಂಜಿನಿಯರ್ ಹೆದರಿದ್ದು ಸುಳ್ಳಲ್ಲ, ಒಪ್ಪುತ್ತೇನೆ. ಚಾರ್ಜಾಗುವ ಬ್ಯಾಟರಿಯಿಂದ ಗ್ಯಾಸು ಏಳುತ್ತದೆ, ಕಿಡಿ ಸೋಕಿದರೆ ಸಿಡಿಯುತ್ತದೆ. ನನ್ನ ಅಂಗಡಿಯಲ್ಲಿ ಬೀಡಿ ಹಚ್ಚಿದವರನ್ನು ಕತ್ತು ಹಿಡಿದು ಹೊರಗೆ ದಬ್ಬಿದ್ದೇನೆ. ಆದರೆ ಅದಕ್ಕೆ ತಾರಸಿ ಬೇಕಿಲ್ಲ. ಜಗಲಿಯ ಹೊರಮೂಲೆಯಲ್ಲಿ, ಮುಚ್ಚಳಕ್ಕೆ ತೂತು ಕೊರೆದ ಒಂದು ಹಲಗೆ ಪೆಟ್ಟಿಗೆ, ಒಂದು ಫ್ಯೂಸು, ಒಂದು ಬೀಗ ಸಾಕು. ಬಡಗಿಗೆ ಒಂದು ದಿನದ ಕೆಲಸ. ಇದನ್ನು ತಮ್ಮ ಕಚೇರಿಗೇ ಬಂದು ಹೇಳಿದೆ. ತಮ್ಮ ಗುಮಾಸ್ತರು ಪುಸ್ತಕ ತಿರುವಿ, “ನಿಯಮದಲ್ಲಿ ಪೆಟ್ಟಿಗೆ ಅನ್ನೋ ಪದಾನೇ ಇಲ್ಲ ಕಣ್ರೀ” ಅಂದರು.

ಸಿಟ್ಟು ನೆತ್ತಿಗೇರಿತು. ಹಳೇ ಲಾರಿ ಬ್ಯಾಟರಿಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಆ ಫಲಕಕ್ಕೆ ಜೋಡಿಸಿದೆ. ಜೋಡಿಸಿದವನು ನಾನು, ಅಕ್ಕ ಅಲ್ಲ. ನೋಟೀಸಿನಲ್ಲಿ ಹೆಸರು ತಿದ್ದಿಕೊಳ್ಳಿ. ಪೆಟ್ಟಿಗೆಯನ್ನು ಮುಂದಿನ ವಾರ ಮಾಡಿಸೋಣ ಎಂದು ಬ್ಯಾಟರಿಯನ್ನು ನಡುಮನೆಯಲ್ಲೇ ಇಟ್ಟೆ. ಆ ಮುಂದಿನ ವಾರ ಎರಡು ತಿಂಗಳಾದರೂ ಬರಲಿಲ್ಲ.

ಹೊರಡುವಾಗ ಅಕ್ಕ ಕೇಳಿದಳು: “ನೀರು ಕಮ್ಮಿಯಾದ್ರೆ ಏನ್ ಹಾಕ್ಲಿ ಕಣಪ್ಪ?”

ತಮ್ಮ ಸೂಚನಾ ಪತ್ರ ತೆಗೆದು ಗಟ್ಟಿಯಾಗಿ ಓದಿದೆ: “ಕಾಲಕಾಲಕ್ಕೆ ಶುದ್ಧೀಕೃತ ಜಲವನ್ನು ಮಾತ್ರ ಪೂರಣ ಮಾಡತಕ್ಕದ್ದು.” ಅವಳು ಮಿಕಮಿಕ ನೋಡಿದಳು. “ಬಾವಿ ನೀರು ಸೋಕಿಸ್ಬ್ಯಾಡ ಕಣಕ್ಕ. ಶುದ್ಧವಾಗಿರ್ಬೇಕು, ಮಣ್ಣು ಮುಟ್ಟಿರ್ಬಾರ್ದು” ಎಂದು ಅರ್ಥ ಹೇಳಿ ಬಸ್ಸಿಗೆ ಓಡಿದೆ.

ಮಣ್ಣು ಮುಟ್ಟದ ನೀರು. ತೆಂಗಿನ ತೋಟದಲ್ಲೇ ಬಾಳಿದ ಹೆಂಗಸಿಗೆ ಆ ಮಾತು ಏನನ್ನು ನೆನಪಿಸುತ್ತದೆ, ತಾವೇ ಹೇಳಿ. ದೇವರ ತಲೆಯ ಮೇಲೆ ಎರೆಯುವುದು ಅದನ್ನೇ, ಜ್ವರ ಬಂದವರಿಗೆ ಕುಡಿಸುವುದೂ ಅದನ್ನೇ. ಅಕ್ಕ ಒಂದು ಎಳನೀರು ಕೆತ್ತಿ, ಬಿಳಿ ಬಟ್ಟೆಯಲ್ಲಿ ಸೋಸಿ, ಸ್ನಾನ ಮಾಡಿಕೊಂಡು ಬಂದು ಬ್ಯಾಟರಿಗೆ ಹೊಯ್ದಳು. ಮರುದಿನ ಬಿಸಿಲೇರುತ್ತಲೇ ಅದು ನೊರೆ ಕಾರತೊಡಗಿತು. ಆ ನಡುಮನೆಯಲ್ಲಿ ಹಗಲಲ್ಲೂ ಕತ್ತಲೆ. ಏನಾಯಿತೋ ನೋಡೋಣವೆಂದು ಬುಡ್ಡಿ ಹಚ್ಚಿಕೊಂಡು ಬಗ್ಗಿದಳು. ಬ್ಯಾಟರಿ ಸಿಡಿದು ಬಲಗಣ್ಣಿಗೆ ಆಸಿಡ್ ಬಿತ್ತು.

ಅದಕ್ಕೂ ತಮ್ಮ ಪತ್ರದಲ್ಲಿ ಒಂದು ಸಾಲಿದೆ: “ಆಮ್ಲಸ್ಪರ್ಶವಾದಲ್ಲಿ ಅವಿಳಂಬವಾಗಿ ತಜ್ಞ ವೈದ್ಯರನ್ನು ಸಂಪರ್ಕಿಸತಕ್ಕದ್ದು.” ದಬ್ಬೇಘಟ್ಟದ ಒಳತೋಟದಲ್ಲಿ ತಜ್ಞ ವೈದ್ಯರು ಯಾವ ಮರದ ಕೆಳಗೆ ಕೂತಿರುತ್ತಾರೆ? ಬಸ್ಸು ಸಿಕ್ಕಿ, ಡಾಕ್ಟರು ಸಿಗುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. “ಆಗ್ಲೇ ಎರಡು ಕೊಡ ನೀರು ಸುರಿದಿದ್ರೆ ಕಣ್ಣು ಉಳೀತಿತ್ತಲ್ರೀ” ಅಂದರು ಅವರು. ನೀರಿನ ಕೊಡ ಬಾಗಿಲ ಪಕ್ಕದಲ್ಲೇ ತುಂಬಿತ್ತು. ಕೂಗು ಕೇಳಿ ಓಡಿಬಂದ ಪಕ್ಕದ ತೋಟದ ಚಿಕ್ಕಣ್ಣ ಅದನ್ನು ಎತ್ತಿಯೂ ಎತ್ತಿದ್ದ. ಅಕ್ಕನೇ ತಡೆದಳಂತೆ: “ಬಾವಿ ನೀರು ಕಣ್ಲಾ ಅದು. ಸೋಕಿಸ್ಬ್ಯಾಡ ಅಂತ ನನ್ ತಮ್ಮ ಸೀರಂಗ ಹೇಳವ್ನೆ.”

ಇದೇ ನನ್ನ ಸಮಜಾಯಿಷಿ. ಸುರಕ್ಷತೆಯ ಹೆಸರಿನಲ್ಲಿ ತಾವು ತಾರಸಿ ಕೇಳಿದಿರಿ, ಅವಳಿಗೆ ಬೇಕಾಗಿದ್ದದ್ದು ಒಂದು ಪೆಟ್ಟಿಗೆ ಮತ್ತು ಅರ್ಥವಾಗುವ ನಾಲ್ಕು ಮಾತು. ಬಡವರ ಕೈಗೆಟುಕದಂತೆ ಸುರಕ್ಷತೆಯನ್ನು ಮೇಲಿಟ್ಟರೆ ಬಡವರು ಬುಡ್ಡಿ ದೀಪಕ್ಕೋ, ನನ್ನಂಥವನ ಹಳೇ ಬ್ಯಾಟರಿಗೋ ಹೋಗುತ್ತಾರೆ. ಅಕ್ಕ ಮಾತ್ರ ನನ್ನನ್ನೇ ಸಮಾಧಾನ ಮಾಡುತ್ತಾಳೆ: “ಕೊಬ್ರಿ ಆಗೈತಾ ಅಂತ ಅಲ್ಲಾಡ್ಸಿ ಕಿವೀಲಿ ತಾನೆ ನೋಡೋದು, ಒಂದು ಕಣ್ಣು ಸಾಕು ಬುಡು.” ನನಗೆ ಆ ಸಮಾಧಾನ ಬೇಡ.

ನೋಟೀಸನ್ನು ವಾಪಸ್ ಪಡೆಯಿರಿ. ನಿಯಮದಲ್ಲಿ ಪೆಟ್ಟಿಗೆ ಎಂಬ ಪದವನ್ನು ಸೇರಿಸಿ. ಸೂಚನಾ ಪತ್ರವನ್ನು ಹರಿದುಹಾಕಿ ಹೀಗೆ ಅಚ್ಚು ಹಾಕಿಸಿ: ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರನ್ನೇ ಹಾಕಿ, ಹತ್ತಿರ ದೀಪ ತರಬೇಡಿ, ಕಣ್ಣಿಗೆ ಆಸಿಡ್ ಬಿದ್ದರೆ ಬಾವಿ ನೀರಾದರೂ ಸರಿ, ಸುರಿಯುತ್ತಲೇ ಇರಿ. ಪೆಟ್ಟಿಗೆಯನ್ನು ನಾನು ಈಗ ಮಾಡಿಸಿದ್ದೇನೆ. ಅದು ಅಕ್ಕನ ಜಗಲಿಯ ಮೇಲೆ ಖಾಲಿ ಕೂತಿದೆ. ಅದರೊಳಗೆ ಇಡಬೇಕಾದ್ದು ತಮ್ಮ ಗೋದಾಮಿನಲ್ಲಿದೆ, ತಂದುಕೊಡಿ.

ಇಂತಿ,
ಇಪ್ಪತ್ತು ವರ್ಷ ಬ್ಯಾಟರಿ ನೀರು ಮಾರಿಯೂ ಅಕ್ಕನಿಗೆ ಒಂದು ಬಾಟಲಿ ಒಯ್ಯದ
ಶ್ರೀರಂಗಯ್ಯ