ನನ್ನ ಹೆಸರಿನ ನಂಬರ್

ನವೆಂಬರ್ 17

ಇಂದು ಡಬ್ಬಿಯಲ್ಲಿ ಹನ್ನೊಂದು ಫೋನ್, ನನ್ನದೂ ಸೇರಿ. ಮಕ್ಕಳಿಗೊಂದು ನಮಗೊಂದು ಆಗಬಾರದಲ್ಲ. ಬಿಸಿಯೂಟದ ಹಳೆ ಸ್ಟೀಲ್ ಡಬ್ಬಿಗೆ ಕೊಂಡಿ ಬೆಸೆಸಿ ಬೀಗ ಹಾಕಿಸಿದವಳು ನಾನೇ. ಬೆಳಿಗ್ಗೆ ಕೊಟ್ಟರೆ ಸಂಜೆ ವಾಪಸ್. ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರೆ ಮಾತ್ರ ಅಪ್ಪನೋ ಅಮ್ಮನೋ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿ ತೆಗೆದುಕೊಂಡು ಹೋಗಬೇಕು. ಈ ಕೊನೆಯ ನಿಯಮ ನನ್ನದು. ಅಷ್ಟೆಲ್ಲ ಬೇಡ ಎಂದರು ಹೆಡ್‌ಮಾಸ್ಟರ್ ಚೆನ್ನಕೇಶವ ಸರ್. ಬೇಕು ಎಂದೆ. ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವಳು. 'ಸುಮಾರಾಗಿ' ಎನ್ನುವುದು ನನಗೆ ಆಗಿಬರುವುದಿಲ್ಲ.

ಹತ್ತನೇ ಕ್ಲಾಸಿನವರು ಈಗ ಬೋರ್ಡ್ ನೋಡುತ್ತಿದ್ದಾರೆ. ಶ್ರೀವಲ್ಲಿ ಇವತ್ತೂ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ ಕಿಟಕಿ ನೋಡುತ್ತ ಕೂತಿದ್ದಳು. ಈ ಸಲ ನೂರಕ್ಕೆ ನೂರು ಅವಳದೇ.

ನವೆಂಬರ್ 26, ಮಧ್ಯಾಹ್ನ

ಸಿಕ್ಕಿತು ಒಂದು. ಊಟದ ಬೆಲ್ಲಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ. ಯಾರದು? ಶ್ರೀವಲ್ಲಿಯದು! ಗಣಿತದ ನೋಟ್ಸಿನ ಬೈಂಡ್ ಒಳಗೆ ಬಚ್ಚಿಟ್ಟಿದ್ದಳು, ನನ್ನದೇ ಸಬ್ಜೆಕ್ಟಿನಲ್ಲಿ. ಯಾರ ಜೊತೆ ಮಾತು ಎಂದು ಕೇಳಿದರೆ ಫೋನನ್ನು ಬೆನ್ನ ಹಿಂದೆ ಸರಿಸಿದಳು. ಕಿತ್ತುಕೊಂಡೆ. ಆಗ ಮೆಲ್ಲಗೆ ಹೇಳಿದಳು:

"ನೀವೇ ಇಟ್ಕೊಳ್ಳಿ ಮಿಸ್. ನನಗೆ ವಾಪಸ್ ಬೇಡ. ಅಪ್ಪಂಗೆ ಮಾತ್ರ ಕೊಡ್ಬೇಡಿ."

ಫೋನ್ ವಾಪಸ್ ಬೇಡ ಎನ್ನುವ ಮಗುವನ್ನು ಇದೇ ಮೊದಲು ನೋಡಿದ್ದು. ಏನೋ ಇದೆ… ಇನ್ನೊಬ್ಬರ ವಸ್ತು ನಾನೇಕೆ ಇಟ್ಟುಕೊಳ್ಳಲಿ?

3.20 — ಸ್ಟಾಫ್ ರೂಮಿನ ಮೇಜಿನ ಮೇಲೆ ಆ ಫೋನ್ ಹೊಡೆದುಕೊಂಡಿತು. ಮೇಲೆ ಹೆಸರು — ಯಶೋಧರಾ ಮಿಸ್. ನನ್ನ ಹೆಸರು! ನನ್ನ ಫೋನ್ ಡಬ್ಬಿಯಲ್ಲಿ, ನಾನಿಲ್ಲಿ. ಹಿಂದಿ ಮೇಷ್ಟ್ರು ಮೋಹನ್‌ಬಾಬು ಇಣುಕಿ ನೋಡಿ ನಕ್ಕೇಬಿಟ್ಟರು, ಯಾವನೋ ಹುಡುಗನಿಗೆ ನಿಮ್ಮ ಹೆಸರು ಇಟ್ಟಿದ್ದಾಳೆ ಮೇಡಂ ಎಂದು. ಮೈಯೆಲ್ಲ ಉರಿದುಹೋಯಿತು. ಎತ್ತಲಿಲ್ಲ. ಅಂಥವನ ಜೊತೆ ನನಗೇನು ಮಾತು.

ಅವಳ ಅಪ್ಪ ವಾದಿರಾಜ, ಇಲ್ಲೇ ಗೌರಿಬಿದನೂರಿನಲ್ಲಿ ಗುಮಾಸ್ತ. ನಾಳೆ ಬರಲು ಹೇಳಿದೆ.

ನವೆಂಬರ್ 27

ಹೇಗೆ ನಡೆಯಿತೋ ಹಾಗೆಯೇ ಬರೆಯುತ್ತೇನೆ.

ವಾದಿರಾಜ ಬಂದರು. ಸಹಿ ಹಾಕಿದರು. ಹೆಡ್‌ಮಾಸ್ಟರ್ ರೂಮಿನಲ್ಲೇ ಫೋನ್ ಒತ್ತಿ ನೋಡಿದರು. ಕಾಲ್ ಲಿಸ್ಟಿನಲ್ಲಿ ಒಂದೇ ಹೆಸರು, ದಿನಾ ಊಟದ ಹೊತ್ತಿಗೆ. ಮನುಷ್ಯನ ಮುಖ ಅರಳಿತು. "ಅಯ್ಯೋ, ನೀವೇನಾ ಮೇಡಂ ಮಾತಾಡ್ತಿದ್ದಿದ್ದು? ನಾನು ಏನೇನೋ ಅಂದ್ಕೊಂಡು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ."

ಬಾಗಿಲ ಹತ್ತಿರ ಶ್ರೀವಲ್ಲಿ ನಿಂತಿದ್ದಳು. ನನ್ನನ್ನೇ ನೋಡಿದಳು. ಆ ನೋಟ ಅರ್ಥವಾಗಲಿಲ್ಲ ಎಂದು ಬರೆದರೆ ಸುಳ್ಳು. ಏನೋ ಬೇಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು. ಆದರೂ ನಿನ್ನೆಯ ನಗು ಇನ್ನೂ ಕಿವಿಯಲ್ಲಿತ್ತು. ಹೇಳಿಬಿಟ್ಟೆ:

"ಅದು ನನ್ನ ನಂಬರ್ ಅಲ್ಲ."

ಅಲ್ಲೇ ಡಯಲ್ ಮಾಡಿದರು, ಸ್ಪೀಕರ್ ಹಾಕಿ. ಮೊದಲು ಒಂದು ಹಸುಗೂಸಿನ ಅಳು. ಆಮೇಲೆ ಹೆಣ್ಣಿನ ಧ್ವನಿ. "ಹೇಳೇ ಪುಟ್ಟಿ, ನಿನ್ನೆ ಯಾಕೆ ಕಟ್ ಮಾಡ್ದೆ? ಊಟ ಆಯ್ತೇನೇ?"

ತನುಜ. ಅವರ ದೊಡ್ಡ ಮಗಳು. ಅವಳೂ ನನ್ನ ಸ್ಟೂಡೆಂಟೇ. ಎರಡು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಚಿಂತಾಮಣಿಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿಲ್ಲ. ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು… ಹೊಳೆಯಲಿಲ್ಲ.

ವಾದಿರಾಜ ಕಟ್ ಮಾಡಿದರು. ಕೂಗಾಡಲಿಲ್ಲ. ಫೋನ್ ಜೇಬಿಗೆ ಹಾಕಿಕೊಂಡು, ಬ್ಯಾಗ್ ತಗೊಂಡು ಬಾ ಎಂದರು ಮಗಳಿಗೆ. ಹೋಗುವಾಗ ನನಗೆ ಥ್ಯಾಂಕ್ಸ್ ಹೇಳಿದರು.

ನವೆಂಬರ್ 28

ಶ್ರೀವಲ್ಲಿ ಗೈರು.

ಡಿಸೆಂಬರ್ 1

ಗೈರು. ಡಬ್ಬಿಯಲ್ಲಿ ಆರು ಫೋನ್. ಮಕ್ಕಳು ಹೆದರಿದ್ದಾರೆ ಎಂದರು ಮೋಹನ್‌ಬಾಬು, ಮೆಚ್ಚಿಕೊಂಡ ಹಾಗೆ.

ಡಿಸೆಂಬರ್ 9

ತಡೆಯಲಾಗಲಿಲ್ಲ, ಮನೆಗೇ ಹೋದೆ. ವಾದಿರಾಜ ಮರ್ಯಾದೆಯಿಂದಲೇ ಕೂರಿಸಿದರು. ಕಾಫಿ ಬಂತು. ಒಬ್ಬಳು ಹೀಗಾದಳು, ಇನ್ನೊಬ್ಬಳನ್ನೂ ಕಳೆದುಕೊಳ್ಳಲು ಆಗುವುದಿಲ್ಲ, ಮುಂದಿನ ವರ್ಷ ಪ್ರೈವೇಟಾಗಿ ಪರೀಕ್ಷೆ ಕಟ್ಟಿಸಿದರಾಯಿತು ಎಂದರು. ಪರೀಕ್ಷೆಗೆ ಇನ್ನು ಮೂರೇ ತಿಂಗಳು ಎಂದೆ. ಗೊತ್ತು ಮೇಡಂ ಎಂದರು, ಅಷ್ಟೇ.

ಗೇಟಿನವರೆಗೆ ಅವರ ಹೆಂಡತಿ ಸುಂದರಮ್ಮ ಬಂದರು. ಹುಡುಗಿ ನಗರಗೆರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳಂತೆ. ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಟ್ಟಿ ಹಾಕಿದರಂತೆ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಹೇಳಿದರು:

"ಅದ್ರಲ್ಲಿ ದೊಡ್ಡೋಳ ಮಗೂನ ಫೋಟೋ ಇತ್ತಂತೆ ಮೇಡಂ. ನಾನಿನ್ನೂ ನೋಡಿರ್ಲಿಲ್ಲ."

ಅಂದರೆ ಅಕ್ಕನ ಜೊತೆ ಮಾತಾಡಲು ಆ ಮಗುವಿಗೆ ಇದ್ದ ಜಾಗ ಒಂದೇ, ನಮ್ಮ ಶಾಲೆಯ ಟ್ಯಾಂಕಿನ ಹಿಂದೆ.

ಜನವರಿ 22

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ರಜೆ ಹಾಕಿ ನಗರಗೆರೆ ಬಸ್ ಹತ್ತಿದೆ. ಅತ್ತೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡಿಸಿದರು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಶ್ರೀವಲ್ಲಿ ನೀರು ತಂದುಕೊಟ್ಟಳು. ಇಳಿದುಹೋಗಿದ್ದಾಳೆ. ಬೈಯಲಿ ಎಂದು ಕಾದೆ. ನಿಜವಾಗಿಯೂ ಕಾದೆ. ಲೋಟ ತೆಗೆದುಕೊಳ್ಳಲು ಬಗ್ಗಿದಾಗ ಹೇಳಿದಳು:

"ಸಾರಿ ಮಿಸ್. ನಿಮ್ಮ ಹೆಸರು ಹಾಕ್ಬಾರ್ದಿತ್ತು."

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದವರು ಏನಾಯ್ತಮ್ಮ ಎಂದು ಕೇಳಿದರು.

ಫೆಬ್ರವರಿ 12

ಹಾಜರಿ ಕಡಿಮೆಯೆಂದು ಹಾಲ್ ಟಿಕೆಟ್ ನಿಲ್ಲಬಾರದಲ್ಲ. ಚೆನ್ನಕೇಶವ ಸರ್ ಅವಳ ಹೆಸರಿನ ಮುಂದೆ 'ಅನಾರೋಗ್ಯ' ಎಂದು ಬರೆದರು. ಬರೆದು ನನ್ನ ಮುಖ ನೋಡಿದರು. ಸುಮ್ಮನಿದ್ದೆ. ಹೀಗೆ ಸುಮ್ಮನಿರುವುದು ನವೆಂಬರಿನಲ್ಲೇ ಬಂದಿದ್ದರೆ…

ಮಾರ್ಚ್ 11

ಹಾಲ್ ಟಿಕೆಟ್ ಬಂತು. ಫೋಟೋದಲ್ಲಿ ಎರಡು ಜಡೆ. ವಾದಿರಾಜರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಎತ್ತಿ, ನೋಡೋಣ ಮೇಡಂ ಎಂದರು. 'ನೋಡೋಣ' ಎಂದರಲ್ಲ. ಇಲ್ಲ ಅನ್ನಲಿಲ್ಲವಲ್ಲ.

ಮಾರ್ಚ್ 18, ಸಂಜೆ

ಇವತ್ತು ಮೊದಲ ಪೇಪರ್, ಕನ್ನಡ. ಬೆಳಿಗ್ಗೆ ಎಂಟೂವರೆಗೇ ಸೆಂಟರಿನ ಗೇಟಿನಲ್ಲಿ ನಿಂತೆ, ಹಾಲ್ ಟಿಕೆಟ್ ಕೈಯಲ್ಲಿ. ನಗರಗೆರೆ ಕಡೆಯ ಬಸ್ಸು ಎರಡು ಬಂದವು. ಬೆಲ್ ಆಯಿತು. ಗೇಟ್ ಹಾಕಿದರು. ಆಮೇಲೂ ಅರ್ಧ ಗಂಟೆ ನಿಂತಿದ್ದೆ, ಹುಚ್ಚಿ ಹಾಗೆ.

ಈಗ್ಗೆ ಹತ್ತು ನಿಮಿಷದ ಹಿಂದೆ ಗೊತ್ತಿಲ್ಲದ ನಂಬರಿನಿಂದ ಕಾಲ್. ತನುಜ. ನಿಮ್ಮ ನಂಬರ್ ಹಳೇದೇ ಇದೆಯಲ್ಲ ಮಿಸ್, ಶ್ರೀವಲ್ಲಿ ಹೇಗೆ ಬರೆದಳು ಎಂದು ಕೇಳಿದಳು. ಬರಲಿಲ್ಲ ಎಂದೆ. ಮಗುವನ್ನು ಯಾರ ಕೈಗೋ ಕೊಟ್ಟ ಸದ್ದು. ಆಮೇಲೆ:

"ಅಪ್ಪಂಗೆ ಹೇಗೆ ಗೊತ್ತಾಯ್ತು ಮಿಸ್? ಅಷ್ಟು ಜೋಪಾನ ಮಾಡ್ತಿದ್ಲು. ಫೋನ್ ಸಿಕ್ಕಿದ್ರೂ ಭಯ ಇಲ್ಲ ಕಣಕ್ಕ, ನಿನ್ನ ನಂಬರು ಮಿಸ್ ಹೆಸರಲ್ಲಿದೆ, ಅವರು ಬಿಟ್ಕೊಡಲ್ಲ ಅಂತಿದ್ಲು."

"ಗೊತ್ತಿಲ್ಲಮ್ಮ" ಎಂದೆ.

ಗೊತ್ತಿಲ್ಲಮ್ಮ. ಅವತ್ತು ಯಾರಿಗೂ ಬೇಡವಾಗಿದ್ದ ನಿಜ ಹೇಳಿದ ಬಾಯಿ. ಇವತ್ತು ಬೇಕಾದವಳಿಗೇ ಸುಳ್ಳು ಹೇಳಿತು. ಥೂ.

ಹೇಳಲೇಬೇಕು. ನಾಳೆ ಎಂದರೆ ಆಗುವುದಿಲ್ಲ, ನನ್ನ ಗುಣ ನನಗೆ ಗೊತ್ತು. ಈಗಲೇ ಅವಳಿಗೆ ಫೋನ್ ಮಾಡುತ್ತೇನೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡು ಓದಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಮಾತು ತಿರುಗಿಸುತ್ತೇನೆ.

ತನುಜ, ಅವತ್ತು ನಿಮ್ಮಪ್ಪ ನಗುತ್ತಾ ನನ್ನನ್ನು ಕೇಳಿದರು. ಶ್ರೀವಲ್ಲಿ ನನ್ನನ್ನೇ ನೋಡುತ್ತಿದ್ದಳು. ಆಗ ನಾನು